ಆದಿಯ ಕುಸ್ತಿ, ಭಾವನ ಫಾರಂ

ಸುಮಕ್ಕಾ, ಇದು ಸ್ವಲ್ಪ ಉದ್ದ ಆಗುತ್ತದೆ. ಅಡುಗೆ ಮಾಡುತ್ತಾ ಕೇಳು, ಪರವಾಗಿಲ್ಲ.

ಆದಿ ಫೋನಿನಲ್ಲಿ ಕುಸ್ತಿ ನೋಡಿ ಸೋಫಾ ಮೇಲಿಂದ ತಂಗಿಯ ಮೇಲೆ ಹಾರಿದ್ದು, ಅವಳ ಭುಜ ಊದಿದ್ದು, ಆಮೇಲೆ ಭಾವ "ಈ ಕುಸ್ತಿಯವರು, ಸಿನಿಮಾದವರು ಇರೋದೇ ಮಕ್ಕಳನ್ನ ಹಾಳು ಮಾಡೋಕೆ, ಇವರನ್ನ ನೋಡಿ ಯಾರೂ ಒಳ್ಳೇದು ಕಲಿತಿಲ್ಲ" ಅಂತ ಗ್ರೂಪಿಗೆ ಹಾಕಿದ್ದು, ಎಲ್ಲಾ ನೋಡಿದೆ. ಪುಟ್ಟಿ ಈಗ ಆರಾಮ ತಾನೇ?

ಭಾವ ಹೇಳಿದ್ದರಲ್ಲಿ ಅರ್ಧ ಸರಿ. ಮಕ್ಕಳು ನೋಡಿದ್ದನ್ನು ಮಾಡೇ ಮಾಡುತ್ತಾರೆ. ನಾವೇನು ಕಮ್ಮಿ ಇದ್ದೆವಾ? ಡಬ್ಲ್ಯುಡಬ್ಲ್ಯುಎಫ್, ಅದೇ ಈಗಿನ ಡಬ್ಲ್ಯುಡಬ್ಲ್ಯುಇ ಕುಸ್ತಿ ಕಂಪನಿಯ ಟ್ರಂಪ್ ಕಾರ್ಡ್ ನೆನಪಿದೆಯಾ? ಯಾರ ಎತ್ತರ ಎಷ್ಟು, ಯಾರ ಬೈಸೆಪ್ಸ್ ಎಷ್ಟು ಇಂಚು ಅಂತ ಮಗ್ಗಿಗಿಂತ ಚೆನ್ನಾಗಿ ಬಾಯಿಗೆ ಬರುತ್ತಿತ್ತು. ಅದರಲ್ಲಿದ್ದ ಅಂಡರ್‌ಟೇಕರ್ ಅನ್ನುವ ಕುಸ್ತಿಯವನು ಸತ್ತು ಮತ್ತೆ ಬದುಕಿ ಬರುತ್ತಾನೆ ಅಂತ ಇಡೀ ಬೀದಿ ನಂಬಿತ್ತು. ನಾನಂತೂ ಕಣ್ಣುಗುಡ್ಡೆ ಮೇಲೆ ಮಾಡಿಕೊಂಡು ನಿನ್ನನ್ನು ಹೆದರಿಸುತ್ತಿದ್ದೆ.

ಆದರೆ ಸುಮ್ನೆ ಫೋನ್ ಕಿತ್ತುಕೊಂಡರೆ ಏನಾಗುತ್ತದೆ? ಪಕ್ಕದ ಮನೆಯಲ್ಲಿ ನೋಡುತ್ತಾನೆ. ಅದರ ಬದಲು ಆ ಆಟ ಹೇಗೆ ನಡೆಯುತ್ತದೆ ಅಂತ ಅವನಿಗೆ ಹೇಳು. ಗೆಲ್ಲುವವರು ಯಾರು ಅಂತ ಮೊದಲೇ ತೀರ್ಮಾನ ಆಗಿರುತ್ತದೆ. ಇದು ಪೈಪೋಟಿ ಅಲ್ಲ, ಮನರಂಜನೆ ಅಂತ 1989ರಲ್ಲಿ ಆ ಕಂಪನಿಯೇ ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಒಪ್ಪಿಕೊಂಡಿತು. ಸತ್ಯದ ಮೇಲೆ ಪ್ರೀತಿ ಬಂದು ಅಲ್ಲ, ಕ್ರೀಡೆಗೆ ಇರುವ ಸರ್ಕಾರಿ ನಿಯಮಗಳಿಂದ ತಪ್ಪಿಸಿಕೊಳ್ಳೋಕೆ! ಎತ್ತಿ ಒಗೆಯುವಾಗ ಒಗೆಸಿಕೊಳ್ಳುವವನೂ ನೆಗೆದು ಸಹಾಯ ಮಾಡುತ್ತಾನೆ. ಬೀಳುವುದನ್ನೇ ವರ್ಷಗಟ್ಟಲೆ ಕಲಿತಿರುತ್ತಾನೆ. ಪುಟ್ಟಿಗೆ ಅಣ್ಣ ಹಾರುತ್ತಾನೆ ಅಂತಲೇ ಗೊತ್ತಿರಲಿಲ್ಲ, ಅಲ್ವಾ? ವ್ಯತ್ಯಾಸ ಇರುವುದು ಅಲ್ಲೇ.

ಗುಟ್ಟು ಹೇಳಿದರೆ ಹುಡುಗನ ಖುಷಿ ಹಾಳಾಗುತ್ತದೆ ಅನ್ನಬೇಡ. ಯಕ್ಷಗಾನದಲ್ಲಿ ಕರ್ಣ ಸಾಯುತ್ತಾನೆ ಅಂತ ಎಲ್ಲರಿಗೂ ಗೊತ್ತು, ಆದರೂ ಬೆಳಗಿನವರೆಗೂ ಕೂರುವುದಿಲ್ಲವಾ?

ಇನ್ನೊಂದು ವಿಷಯ, ಇದು ದೊಡ್ಡವರಿಗೆ ಮಾತ್ರ, ಆದಿಗೆ ಕೇಳಿಸಬೇಡ. ಎಲ್ಲಾ ಮೊದಲೇ ಮಾತಾಡಿಕೊಂಡು ಮಾಡಿದರೂ ಪೆಟ್ಟು ಸುಳ್ಳಲ್ಲ. ಕ್ರಿಸ್ ಬೆನ್ವಾ ಅಂತ ಒಬ್ಬ ಇದ್ದ. ಮೇಲಿನ ಹಗ್ಗದ ಮೇಲಿಂದ ಹಾರಿ ಎದುರಾಳಿಗೆ ತಲೆಯಿಂದ ಗುದ್ದುವುದು ಅವನ ಹೆಸರಾದ ಪಟ್ಟು. ಹೆಚ್ಚುಕಮ್ಮಿ ಆದಿ ಹಾರಿದ್ದೇ ಅದು. 2007ರಲ್ಲಿ ಅವನು ಹೆಂಡತಿಯನ್ನೂ ಪುಟ್ಟ ಮಗನನ್ನೂ ಕೊಂದು ತಾನೂ ಸತ್ತ. ಆಮೇಲೆ ಅವನ ಮೆದುಳು ಪರೀಕ್ಷೆ ಮಾಡಿದ ವೈದ್ಯರಿಗೆ, ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದು ಆಗುವ ಹಾನಿ ತುಂಬಾ ಜಾಸ್ತಿ ಕಂಡಿತು. ಅವನು ಮಾಡಿದ್ದಕ್ಕೆ ಅದೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಕುರ್ಚಿಯಿಂದ ತಲೆಗೆ ಹೊಡೆಯುವುದನ್ನು ಆ ಕಂಪನಿ ನಿಲ್ಲಿಸಿದ್ದು ಇದಾದ ಮೇಲೆಯೇ, 2010ರಲ್ಲಿ. ನಾವು ಕಾರ್ಡ್ ಹಿಡಿದು ಕೇಕೆ ಹಾಕುತ್ತಿದ್ದ ಕಾಲದಲ್ಲಿ ಅದೆಲ್ಲಾ ಮಾಮೂಲಿ.

ಕುಸ್ತಿಯವರಲ್ಲಿ ಆದಿಗೆ ಇಷ್ಟ ಇರುವವನು ಜಾನ್ ಸೀನಾ. ಒಳ್ಳೆಯ ಆಯ್ಕೆಯೇ. ತೀರಾ ಕಾಯಿಲೆ ಬಿದ್ದ ಮಕ್ಕಳ ಆಸೆ ಈಡೇರಿಸುವ ಮೇಕ್-ಎ-ವಿಶ್ ಅಂತ ಒಂದು ಸಂಸ್ಥೆ ಇದೆ. ಅದರ ಮೂಲಕ 650 ಮಕ್ಕಳನ್ನು ಭೇಟಿ ಮಾಡಿದ್ದಕ್ಕೆ 2022ರಲ್ಲಿ ಅವನಿಗೆ ಗಿನ್ನೆಸ್ ದಾಖಲೆ ಸಿಕ್ಕಿತು. ಆದರೆ ಅದನ್ನು ಆದಿ ಹೇಗೆ ನಕಲು ಮಾಡುತ್ತಾನೆ? ಅವನ ಕೈಗೆ ಎಟಕುವುದು ಸೋಫಾ. ನನಗೆ ಅನ್ನಿಸುವುದು ಇಷ್ಟೇ ಅಕ್ಕ, ಹೀರೋ ಎಷ್ಟು ದೊಡ್ಡ ಮನುಷ್ಯ ಅನ್ನುವುದಕ್ಕಿಂತ, ಅವನು ಮಾಡಿದ್ದರಲ್ಲಿ ನಮ್ಮಂಥವರ ಕೈಗೆ ಎಟಕುವುದು ಏನಿದೆ ಅನ್ನುವುದೇ ಮುಖ್ಯ. ಜನ ಅದನ್ನೇ ಮಾಡುವುದು.

ಅಣ್ಣಾವ್ರನ್ನೇ ನೋಡು. 1994ರಲ್ಲಿ ನಾರಾಯಣ ನೇತ್ರಾಲಯದಲ್ಲಿ ಅವರ ಹೆಸರಿನಲ್ಲಿ ನೇತ್ರ ಬ್ಯಾಂಕ್ ಶುರುವಾಯಿತು. ಕಣ್ಣು ಕೊಡುತ್ತೇನೆ ಅಂದರು. 2006ರಲ್ಲಿ ಹೋದಾಗ ಕೊಟ್ಟೂ ಹೋದರು. 2017ರಲ್ಲಿ ಪಾರ್ವತಮ್ಮನವರ ಕಣ್ಣೂ ದಾನ ಆಯಿತು. 2021ರ ಅಕ್ಟೋಬರ್ 29ರಂದು ಅಪ್ಪು ಹೋದಾಗ, ಅಂಥ ಗೋಳಾಟದ ನಡುವೆಯೂ ಮನೆಯವರು ಮರೆಯಲಿಲ್ಲ. ವೈದ್ಯರು ಒಂದೊಂದು ಕಣ್ಣಿನ ಕಾರ್ನಿಯಾವನ್ನೂ, ಅಂದರೆ ಕಣ್ಣಿನ ಮುಂದಿರುವ ಗಾಜಿನಂಥ ಭಾಗವನ್ನೂ, ಮುಂದಿನ ಪದರ, ಹಿಂದಿನ ಪದರ ಅಂತ ಬೇರೆ ಮಾಡಿ ನಾಲ್ಕು ಜನಕ್ಕೆ ಹಾಕಿದರು. ಆಮೇಲೆ ಊರೂರಲ್ಲಿ ಜನ ಸಾಲು ನಿಂತು ಫಾರಂ ತುಂಬಿದರು. ಯಾಕೆ? ಅಪ್ಪು ಥರ ಡಾನ್ಸ್ ಮಾಡೋಕೆ ಎಲ್ಲರಿಗೂ ಆಗಲ್ಲ, ಫಾರಂ ತುಂಬೋಕೆ ಆಗುತ್ತದೆ. ಅದೇ ವಾರ ಎಷ್ಟೋ ಜನ ಹೃದಯಾಘಾತಕ್ಕೆ ಹೆದರಿ ಜಿಮ್ ಬಿಟ್ಟರು, ಎದೆ ತೋರಿಸೋಕೆ ಜಯದೇವ ಆಸ್ಪತ್ರೆಗೆ ಮುಗಿಬಿದ್ದರು ಅನ್ನುವುದೂ ನಿಜ. ಅದೂ ಪ್ರಭಾವವೇ.

ಈಗ ಭಾವಾ, ನಿಮಗೆ. ಯಾರೂ ಒಳ್ಳೇದು ಕಲಿತಿಲ್ಲ ಅಂದಿರಲ್ಲ, ಅಪ್ಪು ಹೋದ ಮೇಲೆ ನೇತ್ರದಾನದ ಫಾರಂ ತುಂಬಿ, ಆ ಕಾರ್ಡಿನ ಫೋಟೋ ಇದೇ ಗ್ರೂಪಿಗೆ ಹಾಕಿದವರು ಯಾರು? ನಗಬೇಡಿ, ಸೀರಿಯಸ್ಸಾಗಿ ಕೇಳುತ್ತಿದ್ದೇನೆ. ಆ ಕಾರ್ಡ್ ಎಲ್ಲಿದೆ ಅಂತ ಅಕ್ಕನಿಗೆ ಗೊತ್ತಾ? ಫಾರಂ ತುಂಬಿದ್ದಷ್ಟರಿಂದ ಏನೂ ಆಗಲ್ಲ. ಹೋದ ಮೇಲೆ ಮನೆಯವರೇ ನೇತ್ರ ಬ್ಯಾಂಕಿಗೆ ಫೋನ್ ಮಾಡಬೇಕು, ಸಾಮಾನ್ಯವಾಗಿ ಆರು ತಾಸಿನೊಳಗೆ ಕಣ್ಣು ತೆಗೆಯಬೇಕು. ಅವರು ಬರುವವರೆಗೆ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟಿರಬೇಕು. ಇದನ್ನು ದೊಡ್ಡಮ್ಮನಿಗೂ ಹೇಳಿ. ಪೊರೆ ಆಪರೇಷನ್ ಆಗಿದೆ, ನನ್ನ ಕಣ್ಣು ಯಾರಿಗೆ ಬೇಕು ಅನ್ನುತ್ತಿದ್ದರು. ಆಪರೇಷನ್ ಆದವರೂ ಕೊಡಬಹುದು, ಕನ್ನಡಕ ಇದ್ದವರೂ ಕೊಡಬಹುದು.

ಸುಮಕ್ಕಾ, ಭಾನುವಾರ ಬರುತ್ತೇನೆ. ಅಲ್ಲಿವರೆಗೆ ಆ ಸೋಫಾನ ಗೋಡೆಗೆ ಒತ್ತಿ ಇಡು.