ತಮಾ, ನಿನ್ನ ಪಟ್ಟಿಯಲ್ಲಿ ನೆಬ್ಬೂರು ಭಾಗವತರು ಎಲ್ಲಿ?

ತಮಾ, ನಿನ್ನೆ ರಾತ್ರಿ ನೀನು ಗ್ರೂಪಿಗೆ ಹಾಕಿದ 'ಜಗತ್ತಿನ ಹತ್ತು ಶ್ರೇಷ್ಠ ಗಾಯಕರು' ಪಟ್ಟಿ ಈಗ ನೋಡಿದೆ. ಟೈಪ್ ಮಾಡ್ತಾ ಕೂತರೆ ಮಧ್ಯಾಹ್ನ ಆಗ್ತದೆ, ಅದಕ್ಕೆ ಬಾಯಲ್ಲೇ ಹೇಳ್ತೇನೆ, ಎಲ್ಲರೂ ಕೇಳಿ. ಮೊದಲು ಕ್ವೀನ್ ಬ್ಯಾಂಡಿನ ಫ್ರೆಡ್ಡಿ ಮರ್ಕ್ಯುರಿ, ಆಮೇಲೆ ಮೈಕೆಲ್ ಜಾಕ್ಸನ್, ಕಿಶೋರ್ ಕುಮಾರ್, ಎಂಟನೇ ಜಾಗದಲ್ಲಿ ಎಸ್‌ಪಿಬಿ. ಯಕ್ಷಗಾನದಲ್ಲಿ ಪದ್ಯ ಹೇಳುವ ನಮ್ಮ ಭಾಗವತರು ಒಬ್ಬರೂ ಇಲ್ಲ. ಭಾವ ಅದರ ಕೆಳಗೆ 'ಭೀಮಸೇನ ಜೋಶಿ ಇಲ್ಲದ್ದು ಎಂಥ ಪಟ್ಟಿ' ಹೇಳಿ ಬರೆದಿದ್ದಾರೆ. ಕೂಸಿಗೆ ಸೋನು ನಿಗಮ್ ಬೇಕಂತೆ.

ನೀನು ಕಳಿಸಿದ ಫ್ರೆಡ್ಡಿಯ ವಿಡಿಯೋ ಪೂರ್ತಿ ನೋಡಿದೆ ತಮಾ. 1985ರ ವೆಂಬ್ಲಿ ಸ್ಟೇಡಿಯಂ. ಅವ ಒಂದು ಸ್ವರ ಎಳೀತಾನೆ, 70 ಸಾವಿರ ಜನ ಅದನ್ನ ಹಾಗೇ ತಿರುಗಿ ಹೇಳ್ತಾರೆ. ಮೈ ಜುಂ ಅಂತು. ಜಾಂಜಿಬಾರಿನಲ್ಲಿ ಹುಟ್ಟಿದ ಪಾರ್ಸಿ ಹುಡುಗ, ಪಂಚಗಣಿಯಲ್ಲಿ ಶಾಲೆಗೆ ಹೋದವ. ಅವನು ದೊಡ್ಡವನೇ, ಅದರಲ್ಲಿ ಎರಡು ಮಾತಿಲ್ಲ.

ಆದರೆ ನೀನು ನೋಡೋದು ದನಿ ಎಷ್ಟು ಎತ್ತರಕ್ಕೆ ಹೋಯ್ತು, ರೆಕಾರ್ಡು ಎಷ್ಟು ಮಾರಾಟ ಆಯ್ತು. ನಾನು ನೋಡೋದು, ಇನ್ನೊಬ್ಬರಿಗೋಸ್ಕರ ಹಾಡುವಾಗ ಆ ದನಿ ಎಲ್ಲಿ ನಿಲ್ತದೆ ಹೇಳಿ.

ಪಿ.ಬಿ. ಶ್ರೀನಿವಾಸರು ಕಾಕಿನಾಡದಲ್ಲಿ ಹುಟ್ಟಿದವರು. ರಾಜಕುಮಾರ್ ತುಟಿ ಆಡಿಸಿದರೆ ಅದು ರಾಜಕುಮಾರರದ್ದೇ ದನಿ. ನಮ್ಮ ಆಯಿ ಎಷ್ಟೋ ವರ್ಷ ಹಾಗೇ ತಿಳಿದಿದ್ದಳು. 1974ರಲ್ಲಿ 'ಸಂಪತ್ತಿಗೆ ಸವಾಲ್'ನಲ್ಲಿ ರಾಜಕುಮಾರರೇ ಹಾಡಿದ ಮೇಲೆ ಆಯಿಗೆ ಗೊತ್ತಾದದ್ದು, ಇಷ್ಟು ದಿನ ಹಾಡಿದವರು ಬೇರೆ ಇದ್ದರು ಅಂತ. ಎಸ್‌ಪಿಬಿಯೂ ಹಾಗೇ, ಯಾವ ಹೀರೋಗೆ ಹಾಡಿದರೆ ಅವನ ಹಾಗೆ. ನಾಲ್ಕು ಭಾಷೆಯಲ್ಲಿ ಆರು ರಾಷ್ಟ್ರಪ್ರಶಸ್ತಿ! ಪದ್ಧತಿ ಪ್ರಕಾರ ಶಾಸ್ತ್ರೀಯ ಕಲಿಯದವರು ಪಂಚಾಕ್ಷರಿ ಗವಾಯಿಗಳ ಸಿನಿಮಾಕ್ಕೆ ಹಾಡಿ ಪ್ರಶಸ್ತಿ ತಗೊಂಡರು. ಅವರನ್ನ ಎಂಟಕ್ಕೆ ಇಟ್ಟೆಯಲ್ಲ ಮಾರಾಯ.

ಕೂಸೇ, 'ಮುಂಗಾರು ಮಳೆ' ಸಿನಿಮಾದಲ್ಲಿ ಸೋನು ನಿಗಮ್ ಹಾಡಿದ 'ಅನಿಸುತಿದೆ ಯಾಕೋ ಇಂದು' ನನಗೂ ಇಷ್ಟ, ಅದನ್ನ ಬರೆದವರು ನಮ್ಮ ಗೋಕರ್ಣದ ಕಾಯ್ಕಿಣಿಯವರು. ಆದರೆ ಒಂದು ಹಾಡಿನ ಬಲದ ಮೇಲೆ ಮೊದಲ ಸಾಲಿಗೆ ಬರಲಿಕ್ಕೆ ಆಗೋದಿಲ್ಲ. ಭಾವ, ಭೀಮಸೇನರು ರಾಗಕ್ಕಾಗಿ ಹಾಡಿದವರು, ಅವರನ್ನ ಈ ತಕ್ಕಡಿಗೆ ಹಾಕೋದೇ ಬೇಡ.

ನನಗೆ ಬೇಜಾರು ಯಾಕೆ ಹೇಳಿದರೆ, ನೀವು ಯಾರೂ ಭಾಗವತರನ್ನ ಲೆಕ್ಕಕ್ಕೇ ಹಿಡಿದಿಲ್ಲ. ಗದ್ದೆ ತುಂಬ ಜನ ಬೆಳಗಿನವರೆಗೆ ಕೂತು ಕೇಳೋದು ಜನಪ್ರಿಯ ಸಂಗೀತ ಅಲ್ಲವಾ? ಭಾಗವತ ಕಾಳಿಂಗ ನಾವಡರು 1990ರಲ್ಲಿ ತೀರಿಕೊಂಡರು, ಇನ್ನೂ ಮೂವತ್ತರ ಆಸುಪಾಸಿನ ಪ್ರಾಯ. ಅವರು ಹೋದ ಮೇಲೂ ನಮ್ಮ ಮನೆಯಲ್ಲಿ ಅಡಿಕೆ ಸುಲಿಯೋ ರಾತ್ರಿ ಅವರದ್ದೇ ಕ್ಯಾಸೆಟ್ಟು. ಹತ್ತು ಹನ್ನೆರಡು ಜನ ಮೆಟ್ಟುಗತ್ತಿ ಮುಂದೆ ಕೂತಿರ್ತಿದ್ದೆವು. ನಿಧಾನದ ಪದ್ಯಕ್ಕೆ ಕೈ ನಿಧಾನ, ಏರುಪದ್ಯ ಬಂತೋ, ಬುಟ್ಟಿಗೆ ಅಡಿಕೆ ಬೀಳೋ ಸದ್ದೂ ಜೋರು. ಯಾರೂ ಬೇಕು ಹೇಳಿ ಮಾಡಿದ್ದಲ್ಲ.

ಆದರೂ ನನ್ನ ಮೊದಲನೇ ಹೆಸರು ನೆಬ್ಬೂರು ನಾರಾಯಣ ಭಾಗವತರದ್ದು. ನಮ್ಮ ಶಿರಸಿ ಕಡೆಯವರು, ಇಡಗುಂಜಿ ಮೇಳಕ್ಕೆ ಪದ್ಯ ಹೇಳಿದವರು, 2019ರಲ್ಲಿ ಹೋದರು. ಒಂದು ಯಕ್ಷಗಾನದ ಆಟದಲ್ಲಿ ನಾನು ಮುಂದಿನ ಚಾಪೆಯಲ್ಲೇ ಕೂತಿದ್ದೆ. ಅದೇ ಮೇಳದ ವೇಷಧಾರಿ ಕೆರೆಮನೆ ಶಂಭು ಹೆಗಡೆಯವರು ಹೆಜ್ಜೆ ನಿಲ್ಲಿಸಿ, ಬರೀ ಕಣ್ಣಲ್ಲಿ ಅಭಿನಯ ಹಿಡಿದಿದ್ದರು. ನೆಬ್ಬೂರರು ಅದೇ ಸಾಲನ್ನ ತಿರುಗಿ ತಿರುಗಿ ಎತ್ತಿದರು, ಪ್ರತಿ ಸಲವೂ ಹಿಂದಿನದ್ದಕ್ಕಿಂತ ಮೆತ್ತಗೆ. ಚಂಡೆ ಸುಮ್ಮನೆ, ಮದ್ದಳೆಗೆ ಬರೀ ಬೆರಳು. ಕಡೆಗೆ ದನಿ ಅದೆಯೋ ಇಲ್ಲವೋ ಅನ್ನೋ ಹಾಗಾಯ್ತು. ನಾವೆಲ್ಲ ಆ ಕಣ್ಣನ್ನೇ ನೋಡ್ತಿದ್ದೆವು, ಭಾಗವತರ ಕಡೆ ಒಬ್ಬರೂ ತಿರುಗಲಿಲ್ಲ. ಅಷ್ಟು ದೊಡ್ಡ ಕಂಠ ಇದ್ದವರು ಅದನ್ನ ಅಲ್ಲಿ ತಡೆದು ಹಿಡಿದರು. ಭಾಗವತರೇ ಮೊದಲನೇ ವೇಷ ಅಂತಾರಲ್ಲ, ಆ ರಾತ್ರಿ ನನಗೆ ಅದು ಅರ್ಥ ಆಯ್ತು.

ಅಟ್ಟದ ಮೇಲೆ ಅವರ ಎರಡು ಕ್ಯಾಸೆಟ್ಟು ಅದೆ ತಮಾ. ಮಳೆಗಾಲಕ್ಕೆ ಬೂಷ್ಟು ಹಿಡಿದದೆ, ಬಟ್ಟೆಯಲ್ಲಿ ಒರೆಸಿ ಡಬ್ಬಿಗೆ ಹಾಕಿಟ್ಟೆ. ಈ ಸಲ ಊರಿಗೆ ಬಂದಾಗ ಅದನ್ನ ಮೊಬೈಲಿಗೆ ಹಾಕಿಕೊಡು, ನೀನೂ ಕೂತು ಕೇಳು. ಪಟ್ಟಿ ಆಮೇಲೆ ಮಾಡುವ.