ಒಳಗಿನ ಊರಿಗೆ ಬಸ್ ತರಿಸಲು ಜನಸಂಖ್ಯೆ ಎಷ್ಟಿರಬೇಕು?

ಕಾಲುಸಂಕ:
ನಮ್ಮದು ಬೈಂದೂರು ಕಡೆಯ ಗ್ರಾಮ. 2011ರ ಜನಗಣತಿಯಲ್ಲಿ ಸಾವಿರದ ಆಸುಪಾಸು ಜನ. ಮನೆಗಳು ಗದ್ದೆ, ತೋಟ, ಗುಡ್ಡ ಅಂತ ಚದುರಿವೆ. ಬಸ್ ಓಡಾಡುವ ಮುಖ್ಯರಸ್ತೆ ಮೂರೂವರೆ ಕಿ.ಮೀ. ದೂರ. ಒಳಗೆ ಡಾಮರು ರಸ್ತೆ ಉಂಟು, ನಡುವೆ ಒಂದು ಮೋರಿ. ಬಸ್ಸಿನವರನ್ನು ಕೇಳಿದರೆ "ಜನ ಇಲ್ಲ, ಕಲೆಕ್ಷನ್ ಆಗುವುದಿಲ್ಲ" ಅನ್ನುತ್ತಾರೆ. ಸರ್ಕಾರಿ ಬಸ್ ಬಂದರೆ ಹೆಂಗಸರಿಗೆ ಶಕ್ತಿ ಯೋಜನೆಯೂ ಸಿಗುತ್ತದೆ. ಇಂತಿಷ್ಟು ಜನಸಂಖ್ಯೆ ಬೇಕೆಂಬ ನಿಯಮ ಉಂಟಾ? ಮನವಿಯಲ್ಲಿ ಏನು ಬರೆಯಬೇಕು?

ಗ್ರಾಮಲೆಕ್ಕ:
ಜನಸಂಖ್ಯೆಯ ಮಿತಿ ಇರುವುದು ರಸ್ತೆಗೆ, ಬಸ್ಸಿಗಲ್ಲ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ದಲ್ಲಿ ಶುರುವಾದಾಗ ಬಯಲು ಪ್ರದೇಶಕ್ಕೆ 500 ಜನ ಅಂತ ಇಟ್ಟರು. ಆ ಲೆಕ್ಕವೂ ಇಡೀ ಗ್ರಾಮಕ್ಕಲ್ಲ, ಒಂದೊಂದು ಜನವಸತಿಗೆ. ಕರಾವಳಿಗೆ ಪೆಟ್ಟು ಬೀಳುವುದು ಇಲ್ಲೇ. ಬಯಲುಸೀಮೆಯ ಹಾಗೆ ಒತ್ತೊತ್ತಾಗಿ ಮನೆ ಕಟ್ಟಿಕೊಂಡ ಊರುಗಳು ನಮ್ಮಲ್ಲಿಲ್ಲ. ಸಾವಿರ ಜನರ ಗ್ರಾಮ ಐವತ್ತು-ನೂರು ಜನರ ಹತ್ತಾರು ತುಂಡುಗಳಾಗಿ ಕಾಣುತ್ತದೆ. 500 ಮೀಟರ್ ತ್ರಿಜ್ಯದೊಳಗಿನ ವಸತಿಗಳನ್ನು ಒಟ್ಟು ಸೇರಿಸಿ ಎಣಿಸಲು ಅವಕಾಶ ಉಂಟು. ಕವಲು ರಸ್ತೆಗಳಿಗೆ ಅರ್ಜಿ ಹಾಕುವಾಗ ಇದನ್ನು ಮರೆಯಬೇಡಿ.

ನಿಮಗೆ ಡಾಮರು ರಸ್ತೆ ಇರುವುದರಿಂದ ಮನವಿಯಲ್ಲಿ ಜನಗಣತಿಯ ಅಂಕಿ ಒಂದು ಸಾಲು ಸಾಕು. ಉಡುಪಿ ಜಿಲ್ಲೆಯ 2011ರ ಜನಗಣತಿ ಕೈಪಿಡಿಯಲ್ಲಿ ನಿಮ್ಮ ಗ್ರಾಮದ ಬಸ್ ಕಾಲಂ ನೋಡಿ. ಗ್ರಾಮದಲ್ಲಿ ಬಸ್ ಇಲ್ಲದಿದ್ದರೆ ಹತ್ತಿರದ ಬಸ್ಸಿನ ದೂರವನ್ನು ಎ, ಬಿ, ಸಿ ಅಂತ ಹಾಕಿರುತ್ತಾರೆ: ಎ ಅಂದರೆ 5 ಕಿ.ಮೀ.ಗಿಂತ ಕಡಿಮೆ, ಬಿ 5-10, ಸಿ 10ಕ್ಕಿಂತ ಹೆಚ್ಚು. ಮುಖ್ಯರಸ್ತೆ ಗ್ರಾಮದ ಮೂಲೆ ತಾಗಿದ್ದರೂ "ಬಸ್ ಇದೆ" ಅಂತ ದಾಖಲಾಗಿರಬಹುದು. ಹಾಗಿದ್ದರೆ ಯಾವ ಜನವಸತಿಗೆ ಎಷ್ಟು ದೂರ ಅಂತ ಬಿಡಿಸಿ ಬರೆಯಿರಿ.

ಸಿಂಗಲ್ ಬೆಲ್:
ಬಸ್ಸಿನವರಿಗೆ ಬೇಕಾದದ್ದು ತಲೆ ಲೆಕ್ಕ. ಬೆಳಿಗ್ಗೆ 6.30ರಿಂದ 9.30, ಸಂಜೆ 3.30ರಿಂದ 6.30, ಸೋಮವಾರ, ಒಂದು ಮಧ್ಯವಾರ, ಶನಿವಾರ (ಕುಂದಾಪುರ ಸಂತೆ) ಎಣಿಸಿ. ಪಾಸಿನ ಮಕ್ಕಳು, ಕೆಲಸಕ್ಕೆ ಹೋಗುವವರು, ಹೆಂಗಸರು ಬೇರೆ ಬೇರೆ ಕಾಲಂನಲ್ಲಿರಲಿ. ಮಕ್ಕಳೇ ತುಂಬಿದರೆ ಖಾಸಗಿಯವರು ಒಪ್ಪುವುದು ಕಷ್ಟ, ಸರ್ಕಾರಿ ಬಸ್ಸಿಗೆ ಅದೇ ಒಳ್ಳೆಯ ಕಾರಣ.

ಹೊಸ ಬಸ್ ಕೇಳಬೇಡಿ, ಇರುವ ಟ್ರಿಪ್ ಒಳಗೆ ವಿಸ್ತರಿಸಲು ಕೇಳಿ. ಹೋಗಿಬರಲು 7 ಕಿ.ಮೀ., ಒಂದೂವರೆ-ಎರಡು ಲೀಟರ್ ಡೀಸೆಲ್, ಇಪ್ಪತ್ತು ನಿಮಿಷ. ನಡುಹಗಲಲ್ಲಿ ಆ ಇಪ್ಪತ್ತು ನಿಮಿಷಕ್ಕೆ ಹಿಂದಿನ ಬಸ್ಸಿನ ಟೈಮಿಂಗ್ ಜತೆ ಜಗಳ ಬರುತ್ತದೆ; ಬೆಳಗ್ಗಿನ ಮೊದಲ ಟ್ರಿಪ್, ರಾತ್ರಿಯ ಕೊನೆಯ ಟ್ರಿಪ್ ಆದರೆ ತಕರಾರು ಕಡಿಮೆ. ರಾತ್ರಿ ಹಾಲ್ಟ್ ಕೇಳುವುದಾದರೆ ಡ್ರೈವರ್, ಕಂಡಕ್ಟರಿಗೆ ಮಲಗಲು ಕೋಣೆ, ಶೌಚಾಲಯ, ನೀರು ಪಂಚಾಯತ್ ಕೊಡುತ್ತದೆ ಅಂತ ನಿರ್ಣಯ ಮಾಡಿಸಿ ಮನವಿಗೆ ಲಗತ್ತಿಸಿ. ಮನವಿ ಕೆಎಸ್‌ಆರ್‌ಟಿಸಿ ಮಂಗಳೂರು ವಿಭಾಗದ ನಿಯಂತ್ರಣಾಧಿಕಾರಿಗೆ. ಕುಂದಾಪುರ ಡಿಪೋ ಆ ವಿಭಾಗದ್ದೇ.

ಪರ್ಮಿಟ್ ಪುಸ್ತಕ:
ಅದಕ್ಕೂ ಮೊದಲು ಆರ್‌ಟಿಒ ಕಚೇರಿಯಲ್ಲಿ ಆ ಮಾರ್ಗದ ಪರ್ಮಿಟ್, ವೇಳಾಪಟ್ಟಿ ಕೇಳಿ ಪಡೆಯಿರಿ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ನಿಮ್ಮ ಊರಿನ ಹೆಸರು ಪರ್ಮಿಟ್‌ನಲ್ಲಿದ್ದು ಟ್ರಿಪ್ ಕಟ್ ಆಗಿರಲೂಬಹುದು. ಹಾಗಿದ್ದರೆ ಹೊಸ ಮನವಿಯೇ ಬೇಡ. ಬಾರದ ದಿನ, ಟೈಮ್ ಬರೆದಿಟ್ಟು ದೂರು ಕೊಡಿ. ಪರ್ಮಿಟ್ ಷರತ್ತು ಮುರಿದರೆ ಮೋಟಾರು ವಾಹನ ಕಾಯ್ದೆಯ 86ನೇ ಕಲಂ ಪ್ರಕಾರ ರದ್ದುಪಡಿಸಲೂ ಅವಕಾಶ ಉಂಟು.

ಕಾಲುಸಂಕ:
ಧನ್ಯವಾದ. ರಸ್ತೆ ಸಣ್ಣದು ಅನ್ನುವ ತಕರಾರು ಬಂದರೆ?

ಸಿಂಗಲ್ ಬೆಲ್:
ಬರುತ್ತದೆ. ಬಸ್ಸಿನ ಅಗಲವೇ ಎರಡೂವರೆ ಮೀಟರ್, ನಿಮ್ಮ ಡಾಮರು ಮೂರೋ ಮೂರೂಮುಕ್ಕಾಲೋ ಇರಬಹುದು. ಎದುರಿನಿಂದ ಪಿಕಪ್ ಬಂದರೆ ಅಂಚಿಗೆ ಇಳಿಸಲೇಬೇಕು. ಮಳೆಗಾಲದಲ್ಲಿ ಅಂಚಿನ ಮಣ್ಣು ಕೊಚ್ಚಿಹೋಗಿ, ಮೇಲೆ ಹುಲ್ಲು ಬೆಳೆದು ಗುಂಡಿಯೇ ಕಾಣುವುದಿಲ್ಲ, ಚಕ್ರ ಹೂತುಹೋಗುತ್ತದೆ. ತಿರುವುಗಳ ಬಳಿ ಅಂಚಿಗೆ ಜಲ್ಲಿ ಹಾಕಿ ಗಟ್ಟಿ ಮಾಡಿಸಿ. ಕೊನೆಯಲ್ಲಿ ಬಸ್ ತಿರುಗಿಸಲು ಜಾಗ ತೋರಿಸಿ. ಒಂದೇ ಸುತ್ತಿಗೆ 25 ಮೀಟರ್ ಅಗಲ ಬೇಕು, ಇಲ್ಲದಿದ್ದರೆ ರಿವರ್ಸ್ ಹೋಗಲು ಬಸ್ಸಿನಷ್ಟು ಉದ್ದದ ಗಟ್ಟಿ ಕವಲು. ಮೋರಿ ಭಾರ ತಡೆಯುತ್ತದೆಯೇ ಅಂತ ಪಂಚಾಯತ್ ರಾಜ್ ಎಂಜಿನಿಯರರಿಂದ ಬರೆಸಿಕೊಳ್ಳಿ. ಜೋತ ಕೊಂಬೆ, ಕೆಳಗೆ ಇಳಿದ ಮೆಸ್ಕಾಂ ತಂತಿಯನ್ನು ಸರ್ವೆಗೆ ಬರುವ ಮುಂಚೆಯೇ ಸರಿಮಾಡಿಸಿ. ಇದೆಲ್ಲ ಏಪ್ರಿಲ್ ಒಳಗೆ ಮುಗಿದರೆ ಶಾಲೆ ಶುರುವಾಗುವ ಹೊತ್ತಿಗೆ ಟ್ರಿಪ್ ಕೇಳಬಹುದು.