ಪುಟ್ಟಿಗೆ, ಶುಕ್ರವಾರದ ಶಿಲುಬೆ ಹಾದಿ ಬಗ್ಗೆ

ಪುಟ್ಟಿ, ನಿನ್ನ ಮೆಸೇಜ್ ನೋಡಿದೆ ಕಣೇ. ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಅದಕ್ಕೇ ಬಾಯಲ್ಲೇ ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಕೆಲಸ ಮಾಡ್ಕೊಂಡೇ ಕೇಳು. ಗ್ರೂಪಲ್ಲಿ ಉಳಿದವರೂ ಕೇಳಿ. ಭಾವ ಅಮ್ಮನ ಉಪವಾಸದ ಬಗ್ಗೆ ಕೇಳಿದ್ರಲ್ಲ, ಅದಕ್ಕೂ ಕೊನೇಲಿ ಬರ್ತೀನಿ.

ನೀನು ಬರೆದಿದ್ದೇನು? ಈಸ್ಟರ್‌ಗೆ ಮುಂಚಿನ ಈ ತಪಸ್ಸುಕಾಲದಲ್ಲಿ ಮೊಬೈಲಲ್ಲಿ ರೀಲ್ಸ್ ನೋಡೋದು ಬಿಟ್ಟಿದೀನಿ ದೊಡ್ಡಮ್ಮ, ರಾತ್ರಿ ನನ್ನ ಪಾಡಿಗೆ ನಾನು ಬೈಬಲ್ ಓದ್ತೀನಿ, ಅಷ್ಟು ಸಾಲ್ದಾ? ಪ್ರತಿ ಶುಕ್ರವಾರ ಶಿಲುಬೆ ಹಾದಿಗೆ ಯಾಕೆ ಬರಬೇಕು, ಯೇಸು ಶಿಲುಬೆ ಹೊತ್ತು ನಡೆದ ದಾರಿಯ ಅದೇ ಹದಿನಾಲ್ಕು ಸ್ಥಳ, ಅದೇ ಪ್ರಾರ್ಥನೆ, ಬರೋರು ಬೆರಳೆಣಿಕೆ ಜನ, ಹೂವಿಲ್ಲ ಹಾಡಿಲ್ಲ, ಚರ್ಚ್ ಬಿಕೋ ಅನ್ನುತ್ತೆ, ಅಂತ.

ರೀಲ್ಸ್ ಬಿಟ್ಟಿದ್ದು ಒಳ್ಳೇದಾಯ್ತು, ಸಂತೋಷವಾಗಿಯೇ ಹೇಳ್ತಿದೀನಿ. ಬೈಬಲ್ ಓದೋದನ್ನೂ ನಿಲ್ಲಿಸ್ಬೇಡ. ಆದ್ರೆ ಅಷ್ಟು ಸಾಲ್ದಾ ಅಂತ ಕೇಳಿದ್ದಕ್ಕೆ, ಸಾಲದು ಮಗಳೇ ಅಂತ್ಲೇ ನನ್ನ ಉತ್ತರ. ತಪಸ್ಸುಕಾಲ ಅನ್ನೋದು ಇಡೀ ಧರ್ಮಕೇಂದ್ರ, ಅಂದ್ರೆ ಒಂದು ಚರ್ಚಿಗೆ ಸೇರಿದ ಜನರೆಲ್ಲ, ಸೇರಿ ಮಾಡೋ ಕೆಲಸ. ಒಬ್ಬೊಬ್ಬರು ಒಂದೊಂದು ಬಿಟ್ಟು ಬಾಗಿಲು ಹಾಕ್ಕೊಂಡ್ರೆ ಅದು ಅರ್ಧಕ್ಕೇ ನಿಂತುಹೋಗುತ್ತೆ.

ಇದು ಹೇಗೆ ಹುಟ್ಟಿತು ನೋಡು. ಮೊದಲ ಶತಮಾನಗಳಲ್ಲಿ ಪಾಸ್ಕದ ರಾತ್ರಿ, ಅಂದ್ರೆ ಈಸ್ಟರ್ ಹಿಂದಿನ ರಾತ್ರಿ, ದೀಕ್ಷಾಸ್ನಾನ ತಗೊಂಡು ಕ್ರೈಸ್ತರಾಗೋರು ಇರ್ತಿದ್ರು. ಅದಕ್ಕೆ ಮುಂಚಿನ ವಾರಗಳು ಅವರ ಕೊನೇ ಹಂತದ ತಯಾರಿ. ಅವರು ಉಪವಾಸ ಇದ್ದಾಗ ಸಭೆಯವರೂ, ಅಂದ್ರೆ ಉಳಿದ ಕ್ರೈಸ್ತರೂ, ಅವರ ಜೊತೆ ಉಪವಾಸ ಇದ್ರು. ಇನ್ನೊಂದು ಕಡೆ, ದೊಡ್ಡ ಪಾಪ ಮಾಡಿ ಸಭೆಯಿಂದ ದೂರ ಉಳಿದು ಬಹಿರಂಗವಾಗಿ ಪ್ರಾಯಶ್ಚಿತ್ತ ಮಾಡ್ತಿದ್ದೋರು ಇದ್ರು. ರೋಮಿನಲ್ಲಿ ಅವರನ್ನ ಪವಿತ್ರ ಗುರುವಾರ ಮತ್ತೆ ಒಳಗೆ ಸೇರಿಸ್ಕೊಳ್ತಿದ್ರು. ಅಂದ್ರೆ ಹೊಸಬರು ಒಳಗೆ ಬರ್ತಿದಾರೆ, ದೂರ ಹೋದವರು ವಾಪಸ್ ಬರ್ತಿದಾರೆ, ಉಳಿದವರೆಲ್ಲ ಅವರ ಜೊತೆ ನಡೀತಿದಾರೆ. 325ರಲ್ಲಿ ಧರ್ಮಾಧ್ಯಕ್ಷರು, ಅಂದ್ರೆ ಬಿಷಪ್‌ಗಳು, ಸೇರಿದ್ದ ನೈಸಿಯಾ ಮಹಾಸಭೆಯ ಐದನೇ ನಿಯಮದಲ್ಲೇ ಈ ನಲವತ್ತು ದಿನದ ಕಾಲದ ಹೆಸರು ಬರುತ್ತೆ, ಅಷ್ಟು ಹಳೇದು. ಆಮೇಲೆ 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಆರಾಧನಾ ವಿಧಿಯ ಬಗ್ಗೆ ದಾಖಲೆ ಹೊರಡಿಸಿದಾಗ ಎರಡು ಮಾತು ಸ್ಪಷ್ಟವಾಗಿ ಹೇಳಿತು. ಒಂದು, ತಪಸ್ಸುಕಾಲಕ್ಕೆ ದೀಕ್ಷಾಸ್ನಾನ ಮತ್ತು ಪ್ರಾಯಶ್ಚಿತ್ತ ಅನ್ನೋ ಎರಡು ಮುಖ ಇದೆ. ಎರಡು, ಈ ಕಾಲದ ಪ್ರಾಯಶ್ಚಿತ್ತ ಮನಸ್ಸಿನೊಳಗೆ, ಒಬ್ಬೊಬ್ಬರದ್ದೇ ಆಗಿ ಉಳೀಬಾರದು, ಹೊರಗೂ ಕಾಣಬೇಕು, ಸಮುದಾಯದ್ದೂ ಆಗಿರಬೇಕು. ನಿನ್ನ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನ್ನ ಹತ್ರ ಇಲ್ಲ.

ಈಗ ನಮ್ಮಲ್ಲಿಗೇ ಬಾ. ಈ ವರ್ಷ ನಮ್ಮ ಧರ್ಮಕೇಂದ್ರದಲ್ಲಿ ಒಬ್ಬಳು ಹುಡುಗಿ ದೀಕ್ಷಾಸ್ನಾನಕ್ಕೆ ತಯಾರಾಗ್ತಿದಾಳೆ, ನಿನಗೂ ಗೊತ್ತು, ಹೆಚ್ಚುಕಮ್ಮಿ ನಿನ್ನ ವಯಸ್ಸೇ. ತಪಸ್ಸುಕಾಲದ ಮೊದಲನೇ ಭಾನುವಾರ ಧರ್ಮಾಧ್ಯಕ್ಷರ ಮುಂದೆ ಅವಳ ಹೆಸರು ಓದಿದ್ರು. ಮೊನ್ನೆ ಮೂರನೇ ಭಾನುವಾರ ನೀನು ಹಿಂದೆ ಕೂತಿದ್ದೆ, ಕಂಡಿತೋ ಇಲ್ವೋ. ಪ್ರಬೋಧನೆ ಆದ್ಮೇಲೆ ಫಾದರ್ ಅವಳನ್ನ ಮುಂದೆ ಕರೆದ್ರು. ಬಲಿಪೀಠದ ಮುಂದೆ ಮೊಣಕಾಲೂರಿದಳು. ದೀಕ್ಷಾಸ್ನಾನಕ್ಕೆ ಅವಳ ಜೊತೆ ನಿಲ್ಲೋ ಜ್ಞಾನತಾಯಿ ಹಿಂದೆ ನಿಂತು ಬಲಗೈಯನ್ನ ಅವಳ ಭುಜದ ಮೇಲಿಟ್ರು. ನಾವೆಲ್ಲ ಮೌನವಾಗಿ ಅವಳಿಗಾಗಿ ಪ್ರಾರ್ಥನೆ ಮಾಡಿದ್ವಿ. ನಾನು ಎರಡನೇ ಸಾಲಲ್ಲಿದ್ದೆ, ಆ ಹುಡುಗಿ ಮುಡಿಗೆ ಹಾಕಿದ್ದ ಕ್ಲಿಪ್ ಸಣ್ಣಗೆ ನಡುಗ್ತಿತ್ತು. ಜ್ಞಾನತಾಯಿ ಕೈ ಮಾತ್ರ ಅಲ್ಲಾಡ್ಲಿಲ್ಲ. ಇನ್ನೆರಡು ಭಾನುವಾರ ಇದೇ ವಿಧಿ ನಡಿಯುತ್ತೆ. ಆಗ ನಾವು ಅಲ್ಲಿ ಇರಬೇಕು ಪುಟ್ಟಿ. ಮನೇಲಿ ಕೂತು ಅವಳಿಗಾಗಿ ಪ್ರಾರ್ಥಿಸಬಹುದು, ಖಂಡಿತ. ಆದ್ರೆ ಅವಳು ಸೇರ್ತಿರೋದು ಒಂದು ಸಭೆಗೆ. ತಿರುಗಿ ನೋಡಿದಾಗ ಸಭೆ ಕಣ್ಣಿಗೆ ಕಾಣಬೇಕಲ್ವಾ?

ಈ ಮೂರು ಭಾನುವಾರದ ಶುಭಸಂದೇಶಗಳನ್ನ ರಾತ್ರಿ ಓದುವಾಗ ಒಂದು ಗಮನಿಸು. ಮೂರೂ ಯೊವಾನ್ನನದ್ದೇ: ನಾಲ್ಕನೇ ಅಧ್ಯಾಯ, ಒಂಬತ್ತನೇದು, ಹನ್ನೊಂದನೇದು. ಬಾವಿ ಹತ್ರ ಬಂದ ಸಮಾರಿಯದ ಹೆಂಗಸು, ಹುಟ್ಟುಕುರುಡ, ಲಾಸರ. ಆ ಹೆಂಗಸು ಕೊಡವನ್ನ ಅಲ್ಲೇ ಬಿಟ್ಟು ಊರೊಳಗೆ ಹೋಗ್ತಾಳೆ, ಜನರನ್ನ ಕರ್ಕೊಂಡು ಬರ್ತಾಳೆ. ಆಮೇಲೆ ಊರವರು, ನಿನ್ನ ಮಾತಿಂದ ಅಷ್ಟೇ ಅಲ್ಲ, ನಾವೇ ಕೇಳಿ ನಂಬಿದ್ವಿ ಅಂತಾರೆ. ಕುರುಡನ ಕಥೆ ನನಗೆ ಪ್ರತಿ ಸಲ ಹೊಟ್ಟೆ ಉರಿಸುತ್ತೆ. ಕಣ್ಣು ಬಂದವನ ಜೊತೆ ಸಂತೋಷ ಪಡೋಕೆ ಒಬ್ಬರೂ ಇಲ್ಲ. ಅಕ್ಕಪಕ್ಕದವರಿಗೆ ಅನುಮಾನ. ಹೆತ್ತವರು ಹೆದರಿ, ಅವನಿಗೆ ವಯಸ್ಸಾಗಿದೆ ಅವನನ್ನೇ ಕೇಳಿ ಅಂತ ಜಾರ್ಕೊಳ್ತಾರೆ. ಕೊನೆಗೆ ಅವನನ್ನ ಹೊರಗೆ ಹಾಕ್ತಾರೆ, ಆಗ ಯೇಸುವೇ ಅವನನ್ನ ಹುಡುಕ್ಕೊಂಡು ಬರ್ತಾರೆ. ಇನ್ನು ಲಾಸರ. ಸಮಾಧಿಯಿಂದ ಹೊರಗೆ ಬಾ ಅಂತ ಕರೆದಿದ್ದು ಯೇಸು. ಆದ್ರೆ ಕೈಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಅಂತ ಹೇಳಿದ್ದು ಸುತ್ತ ನಿಂತಿದ್ದೋರಿಗೆ. ಆ ಕೆಲಸ ಅವರಿಗೇ ಬಿಟ್ಟರು. ಈ ವಾಕ್ಯದ ಮೇಲೆ ನೀನು ಎಷ್ಟು ಹೊತ್ತು ಬೇಕಾದ್ರೂ ಕೂರಬಹುದು.

ಇನ್ನು ಶಿಲುಬೆ ಹಾದಿ. ಅದೇ ಹದಿನಾಲ್ಕು ಸ್ಥಳ ಅಂದೆ. ಜೆರುಸಲೇಮಿಗೆ ಹೋದ ಯಾತ್ರಿಕರು ಯೇಸು ಶಿಲುಬೆ ಹೊತ್ತು ನಡೆದ ದಾರೀಲಿ ತಾವೂ ನಡೆದು ಪ್ರಾರ್ಥಿಸ್ತಿದ್ರು. ಅಷ್ಟು ದೂರ ಹೋಗೋಕೆ ಎಲ್ಲರ ಕೈಲೂ ಆಗಲ್ಲ. ಹೋಗೋಕಾಗದೋರಿಗೂ ಆ ದಾರಿ ಸಿಗಲಿ ಅಂತ ಅದನ್ನ ಊರೂರಿನ ದೇವಾಲಯದ ಗೋಡೆಗೆ ತಂದೋರಲ್ಲಿ ಫ್ರಾನ್ಸಿಸ್ಕನ್ ಸಭೆಯವರದ್ದೇ ದೊಡ್ಡ ಪಾಲು. ಸ್ಥಳಗಳ ಸಂಖ್ಯೆ ಹಿಂದೆ ಒಂದೊಂದು ಕಡೆ ಒಂದೊಂದು ಥರ ಇತ್ತು. 1731ರಲ್ಲಿ ಪೋಪ್ ಹನ್ನೆರಡನೇ ಕ್ಲೆಮೆಂಟ್ ಹದಿನಾಲ್ಕು ಅಂತ ನಿಗದಿ ಮಾಡಿದ್ರು. ಅಲ್ಲಿಂದ ಇವತ್ತಿನವರೆಗೆ ಎಷ್ಟು ದೇಶ, ಎಷ್ಟು ಭಾಷೆಯ ಜನ ಶುಕ್ರವಾರ ಅದೇ ಕ್ರಮದಲ್ಲಿ ನಡೀತಿದಾರೆ. ಅದೇ ಆಗಿರೋದ್ರಿಂದ್ಲೇ ಪುಸ್ತಕ ನೋಡದೆ ಪ್ರಾರ್ಥಿಸೋಕಾಗೋದು, ದುಃಖದಲ್ಲಿರೋರಿಗೆ ಮಾತು ಹುಡುಕೋ ಕಷ್ಟ ಇರಲ್ಲ.

ಬರೋರು ಕಮ್ಮಿ, ನಿಜ. ಆದ್ರೆ ಬರೋರನ್ನ ನೋಡಿದೀಯಾ? ಕಿಟಕಿ ಪಕ್ಕದ ಬೆಂಚಲ್ಲಿ ಒಬ್ಬರು ಅಜ್ಜ ನಿಲ್ತಾರೆ. ಪ್ರತಿ ಸ್ಥಳದಲ್ಲೂ ಮೊಣಕಾಲೂರಬೇಕಲ್ಲ, ಅವರಿಗೆ ಈಗ ಮಂಡಿ ಬಗ್ಗಲ್ಲ. ಮುಂದಿನ ಬೆಂಚನ್ನ ಎರಡೂ ಕೈಲಿ ಹಿಡಿದು ಆದಷ್ಟು ಬಾಗ್ತಾರೆ, ಏಳೋಕೆ ಹೊತ್ತಾಗುತ್ತೆ. ಮೇಣದಬತ್ತಿ ಹಿಡಿದ ಪೀಠಸೇವಕ ಹುಡುಗ ಇದಾನಲ್ಲ, ಆ ಗುಂಗುರು ಕೂದಲವನು, ಅಜ್ಜ ನೆಟ್ಟಗೆ ನಿಲ್ಲೋವರೆಗೂ ಮುಂದಿನ ಸ್ಥಳಕ್ಕೆ ಹೆಜ್ಜೆ ಇಡಲ್ಲ. ಅವನು ನಿಂತ್ರೆ ಶಿಲುಬೆ ಹಿಡಿದವನೂ ನಿಲ್ತಾನೆ, ಫಾದರೂ ನಿಲ್ತಾರೆ. ಹಾಗೆ ಮಾಡು ಅಂತ ಅವನಿಗೆ ಯಾರೂ ಹೇಳಿದ್ದಲ್ಲ. ಮನೇಲಿ ಒಬ್ಬಳೇ ಮೊಬೈಲಲ್ಲಿ ಶಿಲುಬೆ ಹಾದಿ ಹಾಕ್ಕೊಂಡು ಕೂತ್ರೆ ಇದು ನಿನಗೆ ಸಿಗಲ್ಲ.

ತಪಸ್ಸುಕಾಲ ಶುರುವಾದ ವಿಭೂತಿ ಬುಧವಾರ ಇದೇ ಚರ್ಚಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ, ಸಾಲು ಬಾಗಿಲಾಚೆ ಹೋಗಿತ್ತು. ಆ ದಿನ ಪೂಜೆಗೆ ಬರಲೇಬೇಕು ಅಂತ ಕಡ್ಡಾಯವೂ ಇಲ್ಲ, ಆದ್ರೂ ಬಂದ್ರು. ಹೋದ ವರ್ಷದ ಗರಿ ಭಾನುವಾರದ ಗರಿಗಳನ್ನೇ ಸುಟ್ಟು ಹಣೆಗೆ ಹಚ್ಚೋಕೆ ಮಾಡಿದ ಬೂದಿ, ಪಶ್ಚಾತ್ತಾಪಪಟ್ಟು ಶುಭಸಂದೇಶವನ್ನ ನಂಬು ಅನ್ನೋ ಮಾತು, ಇದಕ್ಕೆ ಹಸಿವು ಎಲ್ಲರಲ್ಲೂ ಇದೆ ಅಂತ ಆಯ್ತಲ್ಲ. ಆ ಜನರಲ್ಲಿ ನಾಲ್ಕು ಜನ ಶುಕ್ರವಾರಕ್ಕೂ ಬರಲಿ ಅನ್ನೋದೇ ನನ್ನ ಆಸೆ. ಅದರಲ್ಲಿ ನೀನೂ ಒಬ್ಬಳು.

ಬಿಕೋ ಅನ್ನುತ್ತೆ ಅಂದಿದ್ದಕ್ಕೆ ಒಂದು ಮಾತು. ಅದು ಬೇಕಂತ್ಲೇ ಹಾಗಿರೋದು. ಬಲಿಪೀಠಕ್ಕೆ ಹೂವಿಲ್ಲ, ಪೂಜೆಯ ಸ್ತುತಿಹಾಡು ಮಹಿಮಾಗೀತೆ (ಗ್ಲೋರಿಯ) ಇಲ್ಲ, ಅಲ್ಲೆಲೂಯ ಅನ್ನೋ ಪದವನ್ನೇ ಹಾಡಲ್ಲ, ವಾದ್ಯ ಹಾಡಿಗೆ ಆಸರೆಯಾಗಿ ಮಾತ್ರ. ಬರೋ ಭಾನುವಾರ ನಾಲ್ಕನೇದು, ಅವತ್ತು ಸ್ವಲ್ಪ ಸಡಿಲ, ಹೂವಿಡಬಹುದು, ನೇರಳೆ ಬದಲು ಗುಲಾಬಿ ಬಣ್ಣದ ಪೂಜಾವಸ್ತ್ರ ಹಾಕಬಹುದು. ಮಾರ್ಚ್ 19ರ ಸಂತ ಜೋಸೆಫರ ಹಬ್ಬಕ್ಕೆ, 25ರ ಮಂಗಳವಾರ್ತೆ ಹಬ್ಬಕ್ಕೆ ಮಹಿಮಾಗೀತೆ ಹಾಡ್ತೀವಿ. ಉಳಿದಂತೆ ಖಾಲಿ. ಗಾನವೃಂದದಲ್ಲಿರೋ ನನಗೆ ಗೊತ್ತು, ಇಷ್ಟು ವಾರ ಬಾಯಿಗೆ ಬರದೇ ಇದ್ದ ಅಲ್ಲೆಲೂಯ ಪಾಸ್ಕದ ರಾತ್ರಿ ಗಂಟಲಿಂದ ಹೊರಡುವಾಗ ಹೇಗಿರುತ್ತೆ ಅಂತ. ಅದನ್ನ ಮೌನದಲ್ಲಿ ಜೊತೆಗಿದ್ದೋರೇ ಪೂರ್ತಿ ಅನುಭವಿಸೋದು.

ಮತ್ತೆ ರೀಲ್ಸ್ ಬಿಟ್ಟು ಉಳಿದ ಸಮಯ. ಅದು ಯಾರಿಗೆ ಹೋಗ್ತಿದೆ ಪುಟ್ಟಿ? ವಿಭೂತಿ ಬುಧವಾರ ಆದ ಎರಡೇ ದಿನಕ್ಕೆ, ಶುಕ್ರವಾರ, ಪೂಜೇಲಿ ಯೆಶಾಯನ ಐವತ್ತೆಂಟನೇ ಅಧ್ಯಾಯ ಓದ್ತಾರೆ. ನನಗೆ ಇಷ್ಟವಾದ ಉಪವಾಸ ಯಾವುದು ಅಂತ ದೇವರೇ ಹೇಳ್ತಾರೆ: ಹಸಿದವನ ಜೊತೆ ಅನ್ನ ಹಂಚ್ಕೊಳ್ಳೋದು, ನೆಲೆ ಇಲ್ಲದವನನ್ನ ಮನೆಗೆ ಸೇರಿಸ್ಕೊಳ್ಳೋದು, ನಿನ್ನವರಿಂದ ಮುಖ ತಿರುಗಿಸದೇ ಇರೋದು. ಪ್ರಾರ್ಥನೆ, ಉಪವಾಸ, ದಾನ, ಮೂರೂ ಒಟ್ಟಿಗೇ ಬರಬೇಕು. ದಾನ ಅಂದ್ರೆ ಲಕೋಟೇಲಿ ದುಡ್ಡು ಹಾಕೋದಷ್ಟೇ ಅಂತ ತಿಳೀಬೇಡ. ಶನಿವಾರ ಮಧ್ಯಾಹ್ನ ನಾನು ಹಾಸಿಗೆ ಹಿಡಿದಿರೋ ಇಬ್ಬರ ಮನೆಗೆ ಹೋಗ್ತೀನಿ. ಅವರಿಗೆ ಚರ್ಚಿಗೆ ಬರೋಕಾಗಲ್ಲ, ಭಾನುವಾರ ಏನು ಓದಿದ್ರು, ಯಾರ್ಯಾರು ಬಂದಿದ್ರು ಅಂತೆಲ್ಲ ಕೇಳ್ತಾರೆ. ಅದರಲ್ಲಿ ಒಬ್ಬರಿಗೆ ಕಣ್ಣು ಮಂಜಾಗಿದೆ. ನೀನು ರಾತ್ರಿ ಓದೋ ಬೈಬಲ್ಲನ್ನೇ ಅವರ ಪಕ್ಕ ಕೂತು ಗಟ್ಟಿಯಾಗಿ ಓದು.

ಪಾಪನಿವೇದನೆ ವಿಷಯ ಇಲ್ಲಿ ಜಾಸ್ತಿ ಎಳೆಯಲ್ಲ. ಐದನೇ ವಾರ ಬೇರೆ ಕಡೆಯಿಂದಲೂ ಫಾದರ್‌ಗಳು ಬರ್ತಾರೆ, ಎಲ್ಲರೂ ಸೇರಿ ಪ್ರಾರ್ಥಿಸಿ ಆಮೇಲೆ ಒಬ್ಬೊಬ್ಬರೇ ಹೋಗೋದು. ನಮ್ಮ ಫಾದರ್ ಹತ್ರ ಹೇಳೋಕೆ ಸಂಕೋಚ ಇದ್ರೆ ಅವತ್ತು ಅನುಕೂಲ.

ಇನ್ನೊಂದು, ಇದನ್ನ ಎಲ್ಲರಿಗೂ ಹೇಳ್ತಿದೀನಿ. ಈಸ್ಟರ್ ಬೆಳಗಿನ ಪೂಜೆಗೆ ಹೋದ್ರಾಯ್ತು ಅಂತ ಶನಿವಾರ ರಾತ್ರಿ ಮಲಗಿಬಿಡಬೇಡಿ. ಪಾಸ್ಕ ಜಾಗರಣೆಯನ್ನ ಶತಮಾನಗಟ್ಟಲೆ ಶನಿವಾರ ಬೆಳಿಗ್ಗೆಯೇ ಮುಗಿಸ್ತಿದ್ರು, ಜನವೇ ಇರ್ತಿರಲಿಲ್ಲ. 1951ರಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಅದನ್ನ ಮತ್ತೆ ರಾತ್ರಿಗೆ ತಂದ್ರು. ಹೊಸ ಬೆಂಕಿ, ಪಾಸ್ಕದ ಮೇಣದಬತ್ತಿ, ಹಳೇ ಒಡಂಬಡಿಕೆಯಿಂದ ಏಳು ವಾಚನ, ಆಮೇಲೆ ನೀರು. ಆ ಹುಡುಗಿಗೆ ದೀಕ್ಷಾಸ್ನಾನ ಆಗೋದು ಆಗಲೇ. ಅದಾದ ತಕ್ಷಣ ನಾವೆಲ್ಲ ಬತ್ತಿ ಹಿಡಿದು, ಫಾದರ್ ಕೇಳೋ ಪ್ರಶ್ನೆಗಳಿಗೆ ಉತ್ತರ ಕೊಡ್ತಾ ನಮ್ಮ ದೀಕ್ಷಾಸ್ನಾನದ ಪ್ರತಿಜ್ಞೆಗಳನ್ನ ಹೊಸದಾಗಿ ಹೇಳ್ತೀವಿ. ನನ್ನ ಕೇಳಿದ್ರೆ ಈ ಎಲ್ಲ ವಾರಗಳು ಇರೋದೇ ಆ ಪ್ರಶ್ನೆಗಳಿಗೆ ಬಾಯ್ತುಂಬ ಉತ್ತರ ಕೊಡೋಕೆ. ಪುಟ್ಟಿ, ಈ ಶುಕ್ರವಾರ ಎಂಟನೇ ಸ್ಥಳ ಓದೋಕೆ ಯಾರೂ ಇಲ್ಲ, ಯೇಸು ಜೆರುಸಲೇಮಿನ ಹೆಂಗಸರ ಜೊತೆ ಮಾತಾಡೋದು. ನಿನ್ನ ಹೆಸರು ಕೊಡಲಾ, ಇವತ್ತೇ ಹೇಳು.

ಭಾವ, ಈಗ ನಿಮ್ಮದು. ಲೆಕ್ಕ ಹಾಕಿದ್ರೆ ನಲವತ್ತಾರು ದಿನ ಬರುತ್ತೆ ಅಂದ್ರಿ. ವಿಭೂತಿ ಬುಧವಾರದಿಂದ ಪವಿತ್ರ ಶನಿವಾರದವರೆಗೆ ನಲವತ್ತಾರೇ. ಅದರಲ್ಲಿ ಆರು ಭಾನುವಾರ, ಭಾನುವಾರ ಪುನರುತ್ಥಾನದ ದಿನ ಆದ್ರಿಂದ ಉಪವಾಸಕ್ಕೆ ಸೇರಲ್ಲ, ಉಳಿಯೋದು ನಲವತ್ತು. ಅಮ್ಮ ಪ್ರತಿ ಶುಕ್ರವಾರ ಊಟ ಬಿಡ್ತಿದಾರೆ, ಮಾತ್ರೆ ತಗೊಂಡು ತಲೆ ಸುತ್ತು ಬರ್ತಿದೆ ಅಂದ್ರಲ್ಲ, ಅದು ಬೇಡವೇ ಬೇಡ. 1966ರಲ್ಲಿ ಪೋಪ್ ಆರನೇ ಪೌಲ್ ನಿಯಮ ಬದಲಿಸಿದ ಮೇಲೆ ಸಭೆ ಎಲ್ಲರಿಗೂ ಕಡ್ಡಾಯವಾಗಿ ಹೇಳೋ ಉಪವಾಸ ಎರಡೇ ದಿನ, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ ಈಗಿನ ನಿಯಮದಲ್ಲಿ ಹದಿನೆಂಟರಿಂದ ಐವತ್ತೊಂಬತ್ತು ತುಂಬೋವರೆಗಿನವರಿಗೆ, ಒಂದು ಪೂರ್ತಿ ಊಟ, ಬೇಕಿದ್ರೆ ಇನ್ನೆರಡು ಹೊತ್ತು ಸ್ವಲ್ಪ ಸ್ವಲ್ಪ. ಮಾಂಸ ಬಿಡೋ ನಿಯಮ ಹದಿನಾಲ್ಕು ತುಂಬಿದವರಿಂದ ಶುರು. ಕಾಯಿಲೆಯವರಿಗೆ ಉಪವಾಸ ಕಡ್ಡಾಯ ಅಲ್ಲ. ಅಮ್ಮನಿಗೆ ವಯಸ್ಸೂ ದಾಟಿದೆ, ಸಕ್ಕರೆ ಕಾಯಿಲೆಯೂ ಇದೆ. ಏನಾದ್ರೂ ಒಪ್ಪಿಸಲೇಬೇಕು ಅಂತ ಅವರಿಗೆ ಮನಸ್ಸಿದ್ರೆ ದಿನಾ ಒಂದು ಜಪಸರ ಆ ದೀಕ್ಷಾರ್ಥಿ ಹುಡುಗಿ ಹೆಸರಲ್ಲಿ ಹೇಳಲಿ. ನಾವು ಹೇಳಿದ್ರೆ ಕೇಳಲ್ಲ, ಗೊತ್ತು. ಬರೋ ಭಾನುವಾರ ಪೂಜೆ ಆದ್ಮೇಲೆ ಫಾದರ್ ಮನೆಗೆ ಪರಮಪ್ರಸಾದ ತರ್ತಾರಲ್ಲ, ಅವರ ಬಾಯಿಂದಲೇ ಹೇಳಿಸೋಣ. ನಾನು ಅವರಿಗೆ ಮೊದಲೇ ತಿಳಿಸಿರ್ತೀನಿ. ಅಲ್ಲಿವರೆಗೆ ಈ ಶುಕ್ರವಾರ ನೀವು ಪಕ್ಕ ಕೂತು ಅವರಿಗೆ ಊಟ ಮಾಡಿಸಿ ಭಾವ.